ಎಲೆ ತುದಿಯ ಉಪ್ಪು

ಈಗಿನ ದೊಡ್ಡ ಅಂಗಡಿಗಳಲ್ಲಿ ಏಪ್ರನ್ ಕಟ್ಟಿಕೊಂಡು, ಪುಟ್ಟ ಕಪ್ಪಿನಲ್ಲಿ ಏನನ್ನೋ ಹಿಡಿದು ‘ಮೇಡಂ, ಒಂಚೂರು ಟೇಸ್ಟ್ ಮಾಡಿ’ ಎಂದು ಬೆನ್ನು ಹತ್ತುವ ಹುಡುಗಿಯರನ್ನು ಕಂಡರೆ ನಾನು ತಪ್ಪಿಸಿಕೊಂಡು ಹೋಗುವುದಿಲ್ಲ. ನಿಂತು ತಿಂದು, ‘ಚೆನ್ನಾಗಿದೆ ಕಣಮ್ಮಾ’ ಎಂದು ಹೇಳಿಯೇ ಮುಂದೆ ಹೋಗುತ್ತೇನೆ. ಕೊಳ್ಳುವುದಿಲ್ಲ, ಅದು ಬೇರೆ ಮಾತು. ನಾನೂ ಅದೇ ಕೆಲಸ ಮಾಡಿ ಕಾಲು ನೋಯಿಸಿಕೊಂಡವಳು. ಅವರು ಮಾರುವುದು ಸೂಪು, ಸಾಸು, ಚಾಕಲೇಟು. ನಾನು ಮಾರಿದ್ದು ಉಪ್ಪು.

‘ಉಪ್ಪು ಮಾರೋಕೆ ಸಂಬಳ ಕೊಡ್ತಾರಾ ಮಾರಾಯ್ತಿ? ಕೊಡ್ತಾರೆ ಅಂದ್ರೆ ಬಿಡಬೇಡ, ಅವರಿಗೆ ಬುದ್ಧಿ ಬರೋದ್ರೊಳಗೆ ಸೇರ್ಕೋ’ ಎಂದು ನಮ್ಮ ಯಜಮಾನರು ಹೇಳಿದ್ದರು. ಅವರು ಭದ್ರಾವತಿಯ ಕಾರ್ಖಾನೆಯಲ್ಲಿ ಫೌಂಡ್ರಿಯವರು. ಕರಗಿದ ಕಬ್ಬಿಣದ ಎದುರು ಶಿಫ್ಟು ಮಾಡಿ ಬಂದರೆ ಅಂಗಿಯ ಬೆನ್ನಿನ ಮೇಲೆ ಬೆವರು ಒಣಗಿ ಬಿಳಿ ಗೆರೆ ಎದ್ದಿರುತ್ತಿತ್ತು. ಅಲ್ಲಿ ಬಿಸಿಯ ಹತ್ತಿರ ಕೆಲಸ ಮಾಡುವವರಿಗೆ ಉಪ್ಪಿನ ಮಾತ್ರೆ ಕೊಟ್ಟು ನುಂಗಿ ಎನ್ನುತ್ತಿದ್ದರು. ಮನೆಯಲ್ಲಿ ಅವರದು ಒಂದೇ ಬೇಡಿಕೆ: ‘ಒಂದು ಹರಳು ಮುಂದಿರಲಿ.’ ಉಳಿದವರಿಗೆ ಉಪ್ಪು ಸರಿಯಾಗಿದೆ ಎಂದರೆ ಅವರಿಗೆ ಸಪ್ಪೆ. ಉಳಿದವರು ಮುಖ ಹಿಂಡಿದರೆ ಅವರಿಗೆ ಸರಿ.

ಅದು ತೊಂಬತ್ತರ ದಶಕದ ಮೊದಲ ವರ್ಷಗಳು. ಶಿವಮೊಗ್ಗ, ಭದ್ರಾವತಿಯ ಕಿರಾಣಿ ಅಂಗಡಿಗಳಲ್ಲಿ ಹರಳುಪ್ಪಿನ ಮೂಟೆ ಆಗಿನ್ನೂ ಬಾಗಿಲ ಹೊರಗೇ ಇರುತ್ತಿತ್ತು. ಅಂಗಡಿ ಮುಚ್ಚುವಾಗ ಅಕ್ಕಿ, ಬೇಳೆ, ಬೆಲ್ಲ ಎಲ್ಲವೂ ಒಳಗೆ ಹೋಗುತ್ತಿದ್ದವು. ಉಪ್ಪಿನ ಮೂಟೆಯ ಮೇಲೆ ಮಾತ್ರ ಒಂದು ಗೋಣಿ ಹೊದೆಸಿ ಅಲ್ಲೇ ಬಿಡುತ್ತಿದ್ದರು. ಉಪ್ಪು ಕದ್ದವನ ಕಥೆಯನ್ನು ನಾನಂತೂ ಕೇಳಿಲ್ಲ. ಹೀಗೆ ಕಳ್ಳನಿಗೂ ಬೇಡವಾದ ಪದಾರ್ಥವನ್ನು ಪುಡಿ ಮಾಡಿ, ಪ್ಯಾಕೆಟ್ಟಿಗೆ ತುಂಬಿ, ಅಯೋಡಿನ್ ಸೇರಿಸಿ, ಮೊದಲಿಗಿಂತ ಹೆಚ್ಚು ದುಡ್ಡಿಗೆ ಮಾರಬೇಕಾಗಿತ್ತು. ಅದಕ್ಕೆ ಬೆಂಗಳೂರಿನ ಕಂಪನಿ ಶಿವಮೊಗ್ಗದ ಗಾಂಧಿ ಬಜಾರಿನ ರಂಗಪ್ಪ ಶೆಟ್ಟರಿಗೆ ಏಜೆನ್ಸಿ ಕೊಟ್ಟಿತು. ಹೆಂಗಸರಿಗೆ ಹೇಳಿ ಒಪ್ಪಿಸಲು ಒಬ್ಬ ಹೆಂಗಸು ಬೇಕು ಎಂದು ಶೆಟ್ಟರು ನನ್ನನ್ನು ಸೇರಿಸಿಕೊಂಡರು. ಕಾಗದದಲ್ಲಿ ನನ್ನ ಹುದ್ದೆಗೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಬೀದಿಯಲ್ಲಿ ನಾನು ಉಪ್ಪಿನ ಮೇಡಂ.

ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿಯಬೇಕಾದದ್ದು ಏನೆಂದರೆ, ನೀವು ಮಾರುವ ವಸ್ತುವಿನ ಬಗ್ಗೆ ಕೊಳ್ಳುವವರ ಮನೆಯಲ್ಲಿ ನಿಮಗಿಂತ ಮೊದಲೇ ನೂರು ಕಟ್ಟಳೆ ಇರುತ್ತವೆ. ಕಂಪನಿಯ ಏರಿಯಾ ಮ್ಯಾನೇಜರ್ ಅರವಿಂದ ಎಂಬವರು ನನಗೆ ಮೊದಲ ಕಾರ್ಯಕ್ರಮ ಹಾಕಿಕೊಟ್ಟರು. ಗಂಡಸರು ಜನರಲ್ ಶಿಫ್ಟು ಮುಗಿಸಿ ಬಂದು, ಕಾಫಿ ಆಗಿ, ಹೆಂಗಸರು ಬಿಡುವಾಗುವ ಹೊತ್ತು ಯಾವುದು ಎಂದು ಲೆಕ್ಕ ಹಾಕಿ, ಭದ್ರಾವತಿಯ ನಮ್ಮ ಕಾಲೊನಿಯಲ್ಲಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಇಟ್ಟರು. ಆ ಹೊತ್ತಿನಲ್ಲಿ ಉಪ್ಪಿನ ಹೆಸರೆತ್ತಲೂ ಹಿಂದೆಮುಂದೆ ನೋಡುವ ಮನೆಗಳವು. ಮುಸ್ಸಂಜೆಯಲ್ಲಿ ಪಕ್ಕದ ಮನೆಗೆ ಉಪ್ಪು ಕೊಟ್ಟರೆ ಲಕ್ಷ್ಮಿಯೂ ಜೊತೆಗೇ ಹೊರಡುತ್ತಾಳೆ. ಅಂಗಡಿಯವರೂ ‘ನಾಳೆ ಬನ್ನಿ’ ಎನ್ನುತ್ತಿದ್ದರು. ನಾನು ಹಾಗೆಂದು ಹೇಳಿದೆ.

‘ಮೇಡಂ, ಅದೆಲ್ಲ ಹಳೇ ಕಾಲ. ಎಜುಕೇಟ್ ಮಾಡೋದೇ ನಮ್ಮ ಕೆಲಸ’ ಎಂದರು ಅರವಿಂದರು.

ಹೆಂಗಸರು ಬಂದರು. ಕುಳಿತು ಗಂಭೀರವಾಗಿ ಕೇಳಿದರು. ಅಯೋಡಿನ್ ಸಾಲದೆ ಕತ್ತು ಊದುವ ಗಳಗಂಡದ ಚಿತ್ರ ತೋರಿಸಿದಾಗ ಅಯ್ಯೋ ಪಾಪ ಎಂದರು. ಆಮೇಲೆ ಅರವಿಂದರು ರುಚಿ ನೋಡಲಿ ಎಂದು ಚಿಟಿಕೆ ಉಪ್ಪನ್ನು ಒಬ್ಬೊಬ್ಬರ ಕೈಗೆ ಕೊಡಹೋದರು. ಎಲ್ಲರ ಕೈಯೂ ಒಟ್ಟಿಗೆ ಸೆರಗಿನೊಳಗೆ ಹೋಯಿತು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ. ಅದಕ್ಕೆ ಸಾಕ್ಷಿಯೆಂಬಂತೆ ಆ ಜಗಳ ನನಗೂ ಅರವಿಂದರಿಗೂ ಬಸ್‌ಸ್ಟ್ಯಾಂಡಿನಲ್ಲಿ ಆಯಿತು. ಪುಕ್ಕಟೆ ಪ್ಯಾಕೆಟ್ಟು ಸಹ ಯಾರೂ ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ನಾನೊಬ್ಬಳೇ ಹೋಗಿ ಹಂಚಿದೆ. ಆಗ ತೆಗೆದುಕೊಂಡರು, ಆದರೆ ಒಬ್ಬೊಬ್ಬರೂ ಚಿಲ್ಲರೆ ಕಾಸೊಂದನ್ನು ನನ್ನ ಮುಂದಿನ ತಟ್ಟೆಯಲ್ಲಿ ಹಾಕಿದರು. ಉಪ್ಪಿನ ಋಣ ಯಾರಿಗೆ ಬೇಕು? ಉಚಿತ ಮಾದರಿಗೆ ಗಿರಾಕಿಗಳು ಏಕೆ ದುಡ್ಡು ಕೊಟ್ಟರು ಎಂದು ಅರವಿಂದರು ಬಹಳ ದಿನ ತಲೆ ಕೆಡಿಸಿಕೊಂಡಿದ್ದರು.

ಎರಡನೆಯ ಪಾಠ ರಾಮನವಮಿಯ ದಿನ ಆಯಿತು. ಕಾಲೊನಿಯ ಭಜನೆ ಮಂಡಳಿಯವರು ಪಾನಕ, ನೀರುಮಜ್ಜಿಗೆ, ಕೋಸಂಬರಿ ಹಂಚುವ ಪದ್ಧತಿ. ಕಂಪನಿಯ ಉಪ್ಪನ್ನು ನಾನೇ ದಾನ ಕೊಡಿಸಿದ್ದೆ, ಬ್ಯಾನರೂ ಕಟ್ಟಿಸಿದ್ದೆ. ಮಜ್ಜಿಗೆ ಕಡೆಯುವ ಹಿರಿಯಾಕೆ ಸಾವಿತ್ರಮ್ಮ, ಕೊಳಗಕ್ಕೆ ಇಷ್ಟು ಮುಷ್ಟಿ ಎಂದು ಹರಳುಪ್ಪಿನ ಲೆಕ್ಕದಲ್ಲೇ ಜೀವನ ಕಳೆದವರು. ಹರಳಿನ ನಡುವೆ ಗಾಳಿ ಇರುತ್ತದೆ. ಪುಡಿಯ ನಡುವೆ ಉಪ್ಪೇ ಇರುತ್ತದೆ. ಅದೇ ಮುಷ್ಟಿಗೆ ಎಷ್ಟೋ ಹೆಚ್ಚು ಉಪ್ಪು ಬಿತ್ತು. ಬಿಸಿಲಲ್ಲಿ ಸಾಲು ನಿಂತಿದ್ದವರು ಮಜ್ಜಿಗೆ ಕುಡಿದು ಮತ್ತೆ ನೀರಿಗೆ ಸಾಲು ನಿಂತರು. ಬ್ಯಾನರಿನಲ್ಲಿ ನಮ್ಮ ಕಂಪನಿಯ ಹೆಸರು ಎದ್ದು ಕಾಣುತ್ತಿತ್ತು. ನಾನು ಅದರ ಒಂದು ಮೂಲೆಯ ಹಗ್ಗ ಬಿಚ್ಚಿ, ಗಾಳಿಗೆ ಹಾರಿತೆಂಬಂತೆ ಮಡಿಸಿಬಿಟ್ಟೆ.

ನಮ್ಮ ಯಜಮಾನರು ಮಾತ್ರ ಲೋಟದ ಮೇಲೆ ಲೋಟ ಕುಡಿದು, ಮೀಸೆ ಒರೆಸಿಕೊಂಡು, ‘ಇವತ್ತು ಸರಿಯಾಗಿ ಮಾಡಿದ್ದಾರೆ ನೋಡು’ ಎಂದರು.

ಅಲ್ಲಿಂದ ಮುಂದೆ ನಾನು ರುಚಿ, ಆರೋಗ್ಯ ಎಲ್ಲವನ್ನೂ ಬದಿಗಿಟ್ಟು ಕೈಯಳತೆ ಕಲಿಸಲು ಹೋದೆ. ಹಳೆ ಮುಷ್ಟಿ ಮರೆಯಿರಿ, ಚಮಚ ಹಿಡಿಯಿರಿ ಎಂದೆ. ಅದು ಕೆಲಸ ಮಾಡಿತು. ನಿಧಾನವಾಗಿ ಅಂಗಡಿ ಮುಂದಿನ ಮೂಟೆಗಳು ಸಣ್ಣದಾದವು, ಮಾಯವಾದವು. ನಡುವೆ ಸರ್ಕಾರವೂ ಅಯೋಡಿನ್ ಇಲ್ಲದ ಉಪ್ಪು ಮಾರಬೇಡಿ ಎಂದಿತು, ಸ್ವಲ್ಪ ಕಾಲದ ಮೇಲೆ ನಿಮ್ಮಿಷ್ಟ ಎಂದಿತು, ಮತ್ತೆ ಬೇಡವೇ ಬೇಡ ಎಂದಿತು. ಶೆಟ್ಟರು ಪ್ರತಿ ಸಲವೂ ‘ಸರ್ಕಾರಕ್ಕೂ ಉಪ್ಪು ಸರಿ ಹೋಗ್ತಿಲ್ಲ’ ಎಂದು ಹೇಳಿ ಮೂಟೆಗಳನ್ನು ಒಳಗೆ ಹಾಕಿಸುತ್ತಿದ್ದರು, ಹೊರಗೆ ಇಡಿಸುತ್ತಿದ್ದರು.

ಉಪ್ಪಿನಕಾಯಿಗೆ ಮಾತ್ರ ಹೆಂಗಸರು ಬಗ್ಗಲಿಲ್ಲ. ಮಾವಿನ ಮಿಡಿಗೆ ಹರಳುಪ್ಪೇ ಬೇಕು ಎಂದರು. ನಾನು ವಾದಿಸಲಿಲ್ಲ. ನಮ್ಮ ಮನೆಯ ಭರಣಿಗೂ ಅದೇ ಹರಳುಪ್ಪು ಬೀಳುತ್ತಿತ್ತು. ಶೆಟ್ಟರೇ ಕಾಗದದಲ್ಲಿ ಕಟ್ಟಿ, ಮೇಲೆ ಕಂಪನಿಯ ಪ್ಯಾಕೆಟ್ಟು ಇಟ್ಟು ಮುಚ್ಚಿ ಕೊಡುತ್ತಿದ್ದರು.

ಯಜಮಾನರು ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಒಂದು ದಿನ ತಲೆ ಸುತ್ತಿ ಬಚ್ಚಲ ಬಾಗಿಲಲ್ಲಿ ಕುಳಿತುಬಿಟ್ಟರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ, ಬಿಟ್ಟು, ಮತ್ತೆ ಹಾಕಿ ನೋಡಿದರು. ಬಿಪಿ ಬಹಳ ಮೇಲಿತ್ತು.

‘ಉಪ್ಪು ಬಿಡಬೇಕು’ ಎಂದರು ಡಾಕ್ಟರು.

‘ಯಾವುದು, ನನ್ನ ಹೆಂಡತಿ ಮಾರೋದಾ, ಬೇರೇದಾ?’ ಎಂದು ಇವರು ಕೇಳಿದರು.

‘ಎಲ್ಲಾದನ್ನೂ.’

‘ಕಾರ್ಖಾನೆಯವರು ಮಾತ್ರೆ ಕೊಟ್ಟು ಉಪ್ಪು ತಿನ್ನು ಅಂದ್ರು. ನೀವು ಮಾತ್ರೆ ಕೊಟ್ಟು ಬಿಡು ಅಂತೀರಿ. ಒಟ್ಟು ಮಾತ್ರೆ ಅಂತೂ ತಪ್ಪಲಿಲ್ಲ’ ಎಂದು ನಗುತ್ತಲೇ ಮನೆಗೆ ಬಂದರು.

ಆ ನಗು ಹೆಚ್ಚು ದಿನ ಬಾಳಲಿಲ್ಲ. ಹಗಲೆಲ್ಲ ಶಿವಮೊಗ್ಗದಲ್ಲಿ ಉಪ್ಪಿನ ಗುಣಗಾನ ಮಾಡಿ ಬಸ್ಸಿಳಿದು ಬಂದು ಗಂಡನಿಗೆ ಸಪ್ಪೆ ಸಾರು ಬಡಿಸುವುದು ನನ್ನ ಪಾಡಾಯಿತು. ನಿಂಬೆಹುಳಿ ಹಿಂಡಿದೆ, ಮೆಣಸು ಹಾಕಿದೆ, ಒಗ್ಗರಣೆ ಜೋರು ಮಾಡಿದೆ. ಅವರು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಅನ್ನವನ್ನು ಅತ್ತಿಂದಿತ್ತ ತಳ್ಳಿ, ಎರಡು ತುತ್ತು ನುಂಗಿ, ‘ಹಸಿವಿಲ್ಲ’ ಎಂದು ಏಳುತ್ತಿದ್ದರು. ಕಬ್ಬಿಣದ ಅಚ್ಚು ಎತ್ತಿದ ತೋಳು ಸಣ್ಣದಾಯಿತು. ಅಂಗಿ ಹೆಗಲಿಂದ ಜಾರತೊಡಗಿತು. ಉಪ್ಪು ಕೊಟ್ಟರೆ ರಕ್ತದೊತ್ತಡ ಏರುತ್ತದೆ, ಕೊಡದಿದ್ದರೆ ಮನುಷ್ಯನೇ ಕರಗುತ್ತಾನೆ. ಆಗ ನನಗೆ ನಿಜವಾಗಿ ಭಯವಾಗಿತ್ತು.

ಸರಿಯಾಗಿ ಅದೇ ಕಾಲಕ್ಕೆ ಅರವಿಂದರು ಒಂದು ಪೆಟ್ಟಿಗೆ ಹಿಡಿದುಕೊಂಡು ಶೆಟ್ಟರ ಗೋಡೌನಿಗೆ ಬಂದರು. ಒಳಗೆ ಹುಲ್ಲಿನ ಮೆತ್ತೆಯ ಮೇಲೆ ಗಾಜಿನ ಶೀಶೆಗಳು. ಶೀಶೆಯ ಕುತ್ತಿಗೆಗೆ ರಿಬ್ಬನ್ನು, ಪಕ್ಕಕ್ಕೆ ಮಕ್ಕಳ ಆಟಿಕೆಯಂಥ ಮರದ ಚಮಚ, ಒಳಗೆ ಬೆಳ್ಳಗೆ ಹೊಟ್ಟಿನಂತೆ ಹಗುರವಾದ ಚಕ್ಕೆ ಚಕ್ಕೆ ಉಪ್ಪು.

‘ಸಮುದ್ರದ ಉಪ್ಪು ಮೇಡಂ. ಪ್ರೀಮಿಯಂ. ಕೈಯಲ್ಲೇ ಬಾಚಿದ್ದು’ ಎಂದರು.

ಶೆಟ್ಟರು ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಇಷ್ಟು ದಿನ ನಾವು ಮಾರಿದ್ದು ಯಾವ ಕೆರೇದು ಸಾರ್?’ ಎಂದು ಕೇಳಿದರು. ಬೆಲೆ ಕೇಳಿದ ಮೇಲೆ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟರು.

ಹತ್ತು ವರ್ಷ ‘ಹರಳುಪ್ಪು ಬಿಡಿ’ ಎಂದು ಊರೂರು ತಿರುಗಿ ಹೇಳಿದ ಬಾಯಿಂದಲೇ ಈಗ ‘ಹರಳುಪ್ಪು ತಿನ್ನಿ’ ಎಂದು ಹೇಳಬೇಕಾಗಿತ್ತು. ಭದ್ರಾವತಿಯ ಹಳೆಯ ಗಿರಾಕಿ ಸೆಲ್ವಿ, ‘ಏನು ಮೇಡಂ, ಅವತ್ತು ನಮ್ಮ ಮನೆ ಜಾಡಿ ಖಾಲಿ ಮಾಡಿಸಿದ್ದು ನೀವೇ ತಾನೇ? ಈಗ ಅದನ್ನೇ ಪೌಡರು ಹಾಕಿ, ರಿಬ್ಬನ್ ಕಟ್ಟಿ ತಂದಿದ್ದೀರಲ್ಲ’ ಎಂದು ನಕ್ಕಳು. ‘ಕೈಯಲ್ಲಿ ಬಾಚಿದ್ದಂತೆ ಸೆಲ್ವಿ’ ಎಂದೆ. ‘ಬೇರೆಯವರು ಕಾಲಲ್ಲಿ ಬಾಚ್ತಾರಾ?’ ಎಂದಳು. ಇಬ್ಬರೂ ನಕ್ಕು ಕಾಫಿ ಕುಡಿದೆವು. ಶೀಶೆ ಮಾರಾಟವಾಗಲಿಲ್ಲ.

ಶಿವಮೊಗ್ಗದ ಆಲ್ಕೊಳದ ಕಡೆ ಹೊಸ ಮನೆಗಳೆದ್ದಿದ್ದವು. ಅಲ್ಲಿನ ಮಹಿಳಾ ಸಂಘದ ಮುಂದೆ ದೊಡ್ಡ ಪ್ರದರ್ಶನ ಇಟ್ಟರು. ಚಕ್ಕೆ ಉಪ್ಪನ್ನು ಸಾರಿಗೇ ಹಾಕಿ ಎಂದು ಅರವಿಂದರ ಆಜ್ಞೆ. ‘ಸಾರಿಗೆ ಹಾಕಿದ ಮೇಲೆ ಅದು ಯಾವ ಸಮುದ್ರದ್ದು ಅಂತ ಯಾರಿಗೆ ಗೊತ್ತಾಗುತ್ತೆ ಸಾರ್, ಕರಗಿಹೋಗುತ್ತಲ್ಲ’ ಎಂದೆ. ಕೇಳಲಿಲ್ಲ. ಚಮಚದ ಲೆಕ್ಕದಲ್ಲೇ ಹಾಕಿದೆ. ಚಕ್ಕೆ ಹಗುರ; ಚಮಚ ತುಂಬಿದಂತೆ ಕಂಡರೂ ಒಳಗೆ ಅರ್ಧಕ್ಕರ್ಧ ಗಾಳಿ. ರಾಮನವಮಿಯ ಮಜ್ಜಿಗೆಯ ಕಥೆ ತಿರುಗಾಮುರುಗಾ ಆಯಿತು. ಸಾರು ಕುಡಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ‘ಉಪ್ಪೇ ಹಾಕಿಲ್ವಾ?’ ಎಂದು ಒಬ್ಬಾಕೆ ಕೇಳಿದರು. ಉಪ್ಪಿನ ಪ್ರದರ್ಶನದಲ್ಲಿ ಈ ಪ್ರಶ್ನೆ ಬರಬಾರದು.

ಅರವಿಂದರು ಮಾತಿನ ಮಲ್ಲ. ತಡವರಿಸದೆ, ‘ಅದೇ ಇದರ ಸ್ಪೆಷಾಲಿಟಿ ಮೇಡಂ. ಮೈಲ್ಡ್. ಬಿಪಿ ಇರೋರಿಗೆ ಬೆಸ್ಟ್’ ಎಂದುಬಿಟ್ಟರು. ಕೇಳಿದವರ ಕಣ್ಣು ಅರಳಿತು. ನನಗೋ, ಸುಳ್ಳೆಂದು ಅರ್ಧ ಮನಸ್ಸಿಗೆ ಗೊತ್ತಿತ್ತು. ಇನ್ನರ್ಧ ಮನಸ್ಸು ಒಂದು ಶೀಶೆಯನ್ನು ಬ್ಯಾಗಿಗೆ ಹಾಕಿಕೊಂಡು ನೇರ ಡಾಕ್ಟರ ಹತ್ತಿರ ಓಡಿತು.

ಡಾಕ್ಟರು ಶೀಶೆ ತಿರುಗಿಸಿ ತಿರುಗಿಸಿ ನೋಡಿದರು. ‘ಬಹಳ ಚೆನ್ನಾಗಿದೆ’ ಎಂದರು.

‘ಕೊಡಬಹುದಾ ಹಾಗಾದ್ರೆ?’

‘ಶೀಶೆ ಚೆನ್ನಾಗಿದೆ ಅಂದೆ ಅಮ್ಮಾ. ಒಳಗಿರೋದು ಉಪ್ಪೇ.’

ಮನೆಗೆ ಬಂದು ಶೀಶೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದೆ. ನನ್ನ ಉದ್ಯೋಗದ ಮೇಲೆ ನನಗೇ ಸಿಟ್ಟು ಬಂದಿದ್ದು ಅವತ್ತೊಂದೇ ದಿನ.

ಆಮೇಲೆ ಬಂದಿದ್ದು ಯುಗಾದಿ. ಹಬ್ಬವೆಂದು ಬಾಳೆಲೆ ಹಾಕಿದೆ. ತೀರ್ಥಹಳ್ಳಿಯ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಮಗ ಸುಧೀಂದ್ರನೂ ಸೊಸೆಯೂ ಬಂದಿದ್ದರು. ಎಲೆಗೆ ಮೊದಲು ಉಪ್ಪು ಬಡಿಸುವುದು ನಮ್ಮ ಕೈಗೆ ಅಂಟಿದ ಅಭ್ಯಾಸ. ತುದಿಗೆ ಉಪ್ಪಿಟ್ಟು ಆಮೇಲೆ ಉಳಿದದ್ದು. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಸೊಸೆ ಎಲ್ಲಿಟ್ಟಿದ್ದಳೋ, ಕೈಗೆ ಸಿಕ್ಕಿದ್ದು ಕಪಾಟಿನ ಶೀಶೆ. ಸಾಲಾಗಿ ಬಡಿಸುತ್ತ ಹೋದವಳು ಯಜಮಾನರ ಎಲೆಗೂ ಇಟ್ಟುಬಿಟ್ಟೆ. ಇಟ್ಟ ಮೇಲೆ ನೆನಪಾಯಿತು. ಬಳಿದು ತೆಗೆಯಲು ಬಾಗಿದೆ. ಅವರು ಎಲೆ ತುದಿಗೆ ಅಂಗೈ ಅಡ್ಡ ಹಿಡಿದರು.

‘ಬಡಿಸಿದ್ದನ್ನ ತೆಗೀಬಾರದು ಮಾರಾಯ್ತಿ. ಹಬ್ಬದ ದಿನ.’

ಪಲ್ಯ, ಕೋಸಂಬರಿ, ಸಾರು ಎಲ್ಲವೂ ಅವರಿಗೆಂದು ಬೇರೆ ತೆಗೆದಿಟ್ಟ ಸಪ್ಪೆಯವೇ. ಅವರು ಬೆರಳ ತುದಿಗೆ ಒಂದು ಚಕ್ಕೆ ಅಂಟಿಸಿಕೊಂಡು, ತುತ್ತಿನ ಮೇಲೆ ಇಟ್ಟು, ಬಾಯಿಗೆ ಹಾಕಿದರು. ಕಣ್ಣು ಮುಚ್ಚಿದರು. ಆಮೇಲೆ ಮತ್ತೊಂದು ತುತ್ತು. ಎಷ್ಟೋ ತಿಂಗಳ ಮೇಲೆ ಅವರು ‘ಇನ್ನೊಂದು ಸ್ವಲ್ಪ ಅನ್ನ’ ಎಂದು ಕೇಳಿದರು. ನಾನು ಅನ್ನದ ಪಾತ್ರೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ ಅತ್ತು ಬಂದು ಬಡಿಸಿದೆ. ಊಟ ಮುಗಿದಾಗ ಎಲೆ ತುದಿಯಲ್ಲಿ ಇಟ್ಟ ಉಪ್ಪಿನ ಬಹುಪಾಲು ಹಾಗೇ ಇತ್ತು.

ಸಾರಿಗೆ ಹಾಕಿದ ಉಪ್ಪು ಕರಗಿ ಎಲ್ಲ ಕಡೆ ಹಂಚಿಹೋಗುತ್ತದೆ; ನಾಲಿಗೆಗೆ ಗೊತ್ತಾಗಬೇಕಾದರೆ ಬಹಳ ಹಾಕಬೇಕು. ಮೇಲೆ ಇಟ್ಟದ್ದು ಕರಗುವ ಮೊದಲೇ ನಾಲಿಗೆಗೆ ಸಿಕ್ಕುತ್ತದೆ. ಒಂದು ಚಕ್ಕೆ ಸಾಕು. ಈ ದುಬಾರಿ ಉಪ್ಪನ್ನು ಅಡುಗೆ ಮುಗಿದ ಮೇಲೆ ಮೇಲಿಂದ ಉದುರಿಸಬೇಕು ಎಂದು ಶೀಶೆಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೂ ಇತ್ತು. ಅದನ್ನು ಅರವಿಂದರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ನಮ್ಮ ಅಜ್ಜಿಯಂದಿರು ಎಲೆಯ ತುದಿಯಲ್ಲಿ ಇಡುತ್ತ ಬಂದದ್ದೂ ಅದನ್ನೇ. ಅವರು ಅದಕ್ಕೆ ರಿಬ್ಬನ್ ಕಟ್ಟಿರಲಿಲ್ಲ, ಅಷ್ಟೆ.

ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಔಷಧಿ ಬಾಟಲಿಯ ಮುಚ್ಚಳವೊಂದನ್ನು ತೋರಿಸಿ, ‘ಇದರ ತಳ ಮುಚ್ಚುವಷ್ಟು. ಇಡೀ ದಿನಕ್ಕೆ. ಎಲ್ಲಿ ಹಾಕ್ಕೋತೀರೋ ನಿಮ್ಮಿಷ್ಟ. ಬಿಪಿ ಏರಿದ್ರೆ ಅದೂ ಇಲ್ಲ’ ಎಂದರು. ಆ ಮುಚ್ಚಳ ನಮ್ಮ ಊಟದ ಜಾಗದಲ್ಲಿ ಕಾಯಂ ಆಯಿತು. ಸಾರಿಗೆ ಉಪ್ಪಿಲ್ಲ, ಪಲ್ಯಕ್ಕಿಲ್ಲ, ಮಜ್ಜಿಗೆಗಿಲ್ಲ. ಮುಚ್ಚಳದಿಂದ ಬೆರಳಿಗೆ, ಬೆರಳಿಂದ ತುತ್ತಿಗೆ. ಪಟ್ಟಿ ಸುತ್ತಿ ನೋಡಿದಾಗಲೆಲ್ಲ ಡಾಕ್ಟರು ತಲೆಯಾಡಿಸಿದರು. ಅಂಗಿ ಮತ್ತೆ ಹೆಗಲ ಮೇಲೆ ನಿಂತಿತು.

ಇದರಿಂದ ನನ್ನ ವ್ಯಾಪಾರ ಕೆಟ್ಟಿತು. ಭದ್ರಾವತಿಯ ಒಂದು ಪ್ರದರ್ಶನದಲ್ಲಿ ಅರವಿಂದರು ಪಕ್ಕದಲ್ಲೇ ನಿಂತಿದ್ದಾಗ ಒಬ್ಬಾಕೆ ಎದ್ದು, ‘ಮೇಡಂ, ಇದು ಬಿಪಿಗೆ ಒಳ್ಳೇದಂತೆ ಹೌದಾ? ನಮ್ಮೆಜಮಾನ್ರಿಗೆ ಊಟಾನೇ ಸೇರ್ತಿಲ್ಲ’ ಎಂದಳು. ಅವಳ ಮುಖದಲ್ಲಿ ನನ್ನದೇ ಹಳೆಯ ಮುಖ ಕಂಡಿತು. ಅರವಿಂದರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

‘ಇಲ್ಲಮ್ಮ, ಉಪ್ಪು ಉಪ್ಪೇ’ ಎಂದೆ. ‘ನಮ್ಮ ಮನೇಲೂ ಬಿಪಿ ಇದೆ. ಮೊದಲು ಡಾಕ್ಟರನ್ನ ಕೇಳಿ. ಅವರು ಇಷ್ಟು ಅಂತ ಒಪ್ಪಿದ್ರೆ, ಅದನ್ನ ಪಾತ್ರೆಗೆ ಹಾಕಬೇಡಿ. ಎಲೆ ತುದಿಗಿಡಿ. ಒಂದು ಶೀಶೆ ವರ್ಷಕ್ಕೂ ಮುಗಿಯಲ್ಲ.’

‘ಇದೇ ಶೀಶೆ ಬೇಕಾ, ಮನೆ ಹರಳುಪ್ಪು ಆಗುತ್ತಾ?’

ನಾನು ಹೇಳಿ ಕೇಳಿ ಸಂಬಳ ತಿನ್ನುತ್ತಿದ್ದವಳು. ಕಂಪನಿಯ ಉಪ್ಪನ್ನೂ ತಿಂದಿದ್ದೆ. ‘ಇದು ತೆಳುವಾಗಿದೆ, ಬೇಗ ಕರಗುತ್ತೆ, ಚೆನ್ನಾಗಿದೆ’ ಎಂದೆ. ‘ಹರಳುಪ್ಪನ್ನ ಸ್ವಲ್ಪ ಕುಟ್ಟಿದ್ರೂ ನಡೆಯುತ್ತೆ.’

ಹೊರಗೆ ಬಂದ ಮೇಲೆ ಅರವಿಂದರು, ‘ಮೇಡಂ, ನೀವು ಉಪ್ಪು ಮಾರ್ತಿದ್ದೀರೋ, ಪಥ್ಯ ಮಾರ್ತಿದ್ದೀರೋ?’ ಎಂದು ಕೇಳಿದರು. ಪಾಪ, ಅವರೇನು ಕೆಟ್ಟವರಲ್ಲ. ಅವರ ತಲೆಯ ಮೇಲೂ ಒಬ್ಬರಿದ್ದರು. ‘ಬಿಪಿ ಅಂದ್ರೆ ನಾಲ್ಕು ಪೆಟ್ಟಿಗೆ ಹೋಗ್ತಿತ್ತು’ ಎಂದು ಕೊರಗಿದರು. ನನ್ನನ್ನು ಬಿಡಿಸುತ್ತಾರೆಂದೇ ಅಂದುಕೊಂಡೆ. ಶೆಟ್ಟರು ಫೋನಿನಲ್ಲಿ ‘ಅವರು ಹೇಳಿದ್ರೆ ಊರಿನ ಹೆಂಗಸರು ನಂಬ್ತಾರೆ ಸಾರ್, ನೀವು ಹೇಳಿದ್ರೆ ನಂಬಲ್ಲ. ಬೇರೆ ಉಪ್ಪು ಮಾರೋಕಾದ್ರೂ ಅವರು ಬೇಕಲ್ಲ’ ಎಂದು ವ್ಯಾಪಾರದ ಮಾತಾಡಿ ಉಳಿಸಿದರು. ಕೊನೆಗೆ ಬಿಟ್ಟುಹೋದದ್ದು ಶೀಶೆಯೇ. ಒಮ್ಮೆ ಕೊಂಡವರು ಮತ್ತೆ ಕೊಳ್ಳಲು ಬರಲಿಲ್ಲ. ಅವರ ಶೀಶೆ ಮುಗಿದಿರಲಿಲ್ಲ. ಸರಿಯಾಗಿ ಬಳಸಿದರೆ ಖರ್ಚಾಗದ ಸರಕನ್ನು ಯಾವ ಕಂಪನಿ ತಾನೇ ಮಾಡುತ್ತದೆ?

ನಮ್ಮ ಮನೆಯ ಶೀಶೆಯೂ ಒಂದು ದಿನ ತಳ ಕಂಡಿತು. ಆಗ ಅದು ಎಲ್ಲೂ ಸಿಗುತ್ತಿರಲಿಲ್ಲ. ಇವರು ಮಧ್ಯಾಹ್ನ ಜಗುಲಿಯಲ್ಲಿ ಪೇಪರು ಓದುವಾಗ ನಾನು ಹಿತ್ತಿಲ ಬಾಗಿಲು ಹಾಕಿಕೊಂಡು, ಶೆಟ್ಟರ ಅಂಗಡಿಯ ಹರಳುಪ್ಪನ್ನು ಕುಟ್ಟಾಣಿಯಲ್ಲಿ ಹದವಾಗಿ ಕುಟ್ಟಿ, ಜರಡಿ ಹಿಡಿದು, ಅದೇ ಶೀಶೆಗೆ ತುಂಬಿದೆ. ರಿಬ್ಬನ್ನನ್ನು ಒಗೆದು ಕಟ್ಟಿದೆ. ಮೊದಲ ದಿನ ಬಡಿಸಿ ಅವರ ಮುಖ ನೋಡಿದೆ. ಅವರು ನಾಲಿಗೆ ಚಪ್ಪರಿಸಿ, ‘ಏನೇ ಹೇಳು, ಕಂಪನಿ ಉಪ್ಪು ಅಂದ್ರೆ ಕಂಪನಿ ಉಪ್ಪೇ’ ಎಂದರು. ಬಂದವರ ಮುಂದೆಲ್ಲ ಶೀಶೆ ತೋರಿಸಿ ಹೊಗಳಿದರು. ನಾನು ಒಳಗೊಳಗೇ ನಗುತ್ತ ವರ್ಷಗಟ್ಟಲೆ ಕುಟ್ಟಿದೆ.

ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ್ದಾಗ ಅವರಿಗೆ ನಾನು ಈ ಗುಟ್ಟು ಹೇಳಿದೆ. ಶ್ವಾಸಕೋಶ ಕೆಟ್ಟಿತ್ತು, ಬಿಪಿ ಪಾಪ ಸರಿಯಾಗೇ ಇತ್ತು. ನಗಲಿ ಎಂದು ಹೇಳಿದೆ.

‘ಗೊತ್ತಿತ್ತು ಬಿಡು’ ಎಂದರು. ‘ಜೀವಮಾನವೆಲ್ಲ ಸುತ್ತಿಗೆ ಸದ್ದು ಕೇಳ್ದೋನಿಗೆ ಕುಟ್ಟಾಣಿ ಸದ್ದು ಕೇಳಲ್ವಾ?’

‘ಮತ್ತೆ ಆ ಪಾಟಿ ಹೊಗಳ್ತಿದ್ರಲ್ಲ?’

‘ಬಾಗಿಲು ಹಾಕ್ಕೊಂಡು ಕುಟ್ಟಿದೀಯ. ಹೊಗಳದೇ ಇರೋಕಾಗುತ್ತಾ?’

ಈಗಲೂ ಪರಿಚಯದವರು ಅಂಗಡಿಯಲ್ಲಿ ಗುಲಾಬಿ ಉಪ್ಪು, ಬೂದು ಉಪ್ಪು, ಚಕ್ಕೆ ಉಪ್ಪು ಕಂಡರೆ ನನ್ನನ್ನು ಕೇಳುತ್ತಾರೆ: ತಗೋಬಹುದಾ? ಕುದಿಯುವ ಸಾರಿಗೆ ಹಾಕುವುದಾದರೆ ದುಡ್ಡನ್ನೇ ನೇರವಾಗಿ ಸಾರಿಗೆ ಹಾಕಿ. ಸೌತೆಕಾಯಿ ಹೋಳು, ಮಾವಿನಕಾಯಿ, ಬೆಣ್ಣೆ ಹಚ್ಚಿದ ರೊಟ್ಟಿ, ಇಂಥದ್ದರ ಮೇಲೆ ಉದುರಿಸುವುದಾದರೆ ಚೆನ್ನಾಗಿರುತ್ತದೆ. ಕುಟ್ಟಿದ ಹರಳುಪ್ಪೂ ಚೆನ್ನಾಗಿರುತ್ತದೆ. ದುಬಾರಿ ಉಪ್ಪಿನ ಒಂದೇ ದೊಡ್ಡ ಗುಣವೆಂದರೆ ಹಾಕುವಾಗ ಕೈ ತಡೆಯುತ್ತದೆ. ದಿನದ ಅಡುಗೆಗೆ ಅಯೋಡಿನ್ ಪ್ಯಾಕೆಟ್ಟು ಇರಲಿ, ಅದನ್ನು ನಾನು ಸುಳ್ಳು ಹೇಳಿ ಮಾರಲಿಲ್ಲ. ಮಾರುವ ಹುಡುಗಿಯರಿಗೆ ಹೇಳುವುದಿಷ್ಟು: ನಿಮ್ಮ ಮನೆಯವರಿಗೆ ಬಡಿಸಲಾರದ ಮಾತನ್ನು ಬೇರೆಯವರಿಗೆ ಬಡಿಸಬೇಡಿ. ಸಂಬಳ ಹೇಗೋ ನಡೆಯುತ್ತದೆ.

ಯಜಮಾನರ ಮೊದಲ ವರ್ಷದ ತಿಥಿಗೆ ಅಡುಗೆ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ಎಲೆ ಹಾಕುವ ಮೊದಲೇ ಶೀಶೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿದ್ದೆ. ಪುರೋಹಿತರು ನೋಡಿದರು.

‘ಅಮ್ಮ, ಇವತ್ತು ಎಲೆಗೆ ಉಪ್ಪು ಬಡಿಸೋ ಹಾಗಿಲ್ಲ. ಕಣ್ಣಿಗೆ ಕಾಣೋ ಉಪ್ಪು ಪಿತೃಗಳಿಗೆ ಆಗೋಲ್ಲ. ಅಡುಗೇಲೇ ಸೇರಿರಬೇಕು.’

ಕಟ್ಟಳೆ ನನಗೂ ಗೊತ್ತಿದ್ದದ್ದೇ. ಅತ್ತೆಯ ತಿಥಿಯಲ್ಲಿ ನಾನೇ ಪಾಲಿಸಿದ್ದೆ. ಅಷ್ಟು ವರ್ಷ ಕಣ್ಣಿಗೆ ಕಾಣುವ ಉಪ್ಪನ್ನು ಮಾತ್ರ ತಿಂದ ಮನುಷ್ಯನಿಗೆ ಆ ದಿನ ಅದೊಂದನ್ನೇ ಕೊಡುವಂತಿರಲಿಲ್ಲ. ಒಲೆಯ ಮೇಲೆ ಮೆಣಸಿನ ಸಾರು ಕುದಿಯುತ್ತಿತ್ತು. ಅಭ್ಯಾಸಬಲದಿಂದ ಅವರ ಸಾರಿಗೆ ನಾನು ಇನ್ನೂ ಉಪ್ಪೇ ಹಾಕಿರಲಿಲ್ಲ. ತಿಥಿಯ ಅಡುಗೆಯನ್ನು ರುಚಿ ನೋಡುವಂತಿಲ್ಲ. ಊರಿಗೆಲ್ಲ ಅಳತೆ ಕಲಿಸಿದವಳಿಗೆ ನನ್ನ ಗಂಡನ ಸಾರಿಗೆ ಎಷ್ಟು ಉಪ್ಪು ಎಂಬುದು ಕೈಗೆ ಮರೆತುಹೋಗಿತ್ತು. ಮಡಿಕೆಯಿಂದ ಹರಳುಪ್ಪು ತೆಗೆದು, ಹಳೆಯ ಲೆಕ್ಕದಲ್ಲಿ ಮುಷ್ಟಿ ಹಿಡಿದು ಹಾಕಿದೆ. ಕೈ ತಡೆಯಲಿಲ್ಲ.

ಬ್ರಾಹ್ಮಣರ ಊಟವಾಗಿ, ಎಲ್ಲರದ್ದೂ ಆಗಿ, ಕೊನೆಗೆ ನಾನು ಅನ್ನಕ್ಕೆ ಆ ಸಾರು ಹಾಕಿಕೊಂಡು ಒಂದು ತುತ್ತು ಬಾಯಿಗಿಟ್ಟೆ. ಅವರು ಕೇಳುತ್ತಿದ್ದಂತೆಯೇ, ಒಂದು ಹರಳು ಮುಂದಿತ್ತು.